ಇಕುಯೊಳ ಸೋಮವಾರಗಳು

ಇವತ್ತು ಸೋಮವಾರ ಎಂದು ಹಿಸಾನೊಗೆ ಹೊಳೆದದ್ದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಉಪ್ಪಿನಕಾಯಿ ಹಾಕುವ ಉಮೆ ಹಣ್ಣುಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದಾಗ. ಹೊಳೆದ ಕ್ಷಣಕ್ಕೆ ಬೆರಳು ಜೋರಾಗಿ ಒತ್ತಿ ಒಂದು ಹಣ್ಣಿನ ಸಿಪ್ಪೆ ಬಿರಿಯಿತು. ಜೂನ್‌ನಲ್ಲಿ ಉಪ್ಪು ಬೆರೆಸಿ ಜಾಡಿಗೆ ತುಂಬಿ, ಕೆಂಪು ಸೊಪ್ಪು ಹಿಸುಕಿ ಹಾಕಿ ಬಣ್ಣ ಏರಿಸಿ, ಮಳೆ ಹಿಂದೆ ಸರಿದ ಮೇಲೆ ಬಿದಿರಿನ ತಟ್ಟಿಯಲ್ಲಿ ಹರಡಿ ಮೂರು ದಿನ ಬಿಸಿಲು ಕಾಣಿಸಬೇಕು. ಇಲ್ಲದಿದ್ದರೆ ಅಷ್ಟು ದಿನದ ಮೈಕೈ ನೋವು ದಂಡ. ಇವತ್ತು ಮೂರನೆಯ ದಿನ. ಮೂವತ್ತೈದು ವರ್ಷ ಈ ಕೆಲಸ ಇಬ್ಬರು ಮಾಡುತ್ತಿದ್ದದ್ದು, ಈ ಸಲ ಒಬ್ಬಳೇ. ಒಬ್ಬಳೇ ಮಾಡಬಹುದಾದ ಕೆಲಸವೇ ಇದು, ಇನ್ನೊಬ್ಬಳು, ಗೆಳತಿ ಇಕುಯೊ, ಬೇಕಾಗಿದ್ದದ್ದು ಬಾಯಿ ಆಡಿಸಲಿಕ್ಕೆ ಮಾತ್ರ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಬಿರಿದ ಹಣ್ಣನ್ನು ಪಕ್ಕಕ್ಕಿಟ್ಟಳು. ಒಡೆದದ್ದನ್ನು ಬೇರೆ ಡಬ್ಬಿಗೆ ಹಾಕುವ ಅಭ್ಯಾಸ ಕೈಗೆ ಇನ್ನೂ ಇತ್ತು.

ಜಾಡಿಯಲ್ಲಿ ಬೂಷ್ಟು ಬಂದರೆ ಆ ಮನೆಯಲ್ಲಿ ಸಾವು ಎನ್ನುತ್ತಿದ್ದರು ಅತ್ತೆ. ಊರಿನವರೆಲ್ಲ ಹಾಗೇ ಅನ್ನುತ್ತಾರೆ, ನಗುತ್ತಾ ಅನ್ನುತ್ತಾರೆ, ನಗುತ್ತಲೇ ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡುತ್ತಾರೆ. ಗಂಡ ಹಾಸಿಗೆ ಹಿಡಿದ ವರ್ಷ ಜಾಡಿಯ ಅಂಚಿನಲ್ಲಿ ಬೆಳ್ಳಗೆ ಹತ್ತಿಯಂಥದ್ದು ಕಂಡಿತ್ತು, ಕಂಡದ್ದು ಸುಳ್ಳಾಗಲಿಲ್ಲ. ಆದ್ದರಿಂದಲೇ ಹೋದ ವರ್ಷ ಹಿಸಾನೊ ಅಷ್ಟು ನಿಶ್ಚಿಂತೆಯಿಂದ ಇದ್ದಳು. ಹೋದ ವರ್ಷದ ಜಾಡಿ ಕನ್ನಡಿಯ ಹಾಗಿತ್ತು. ಅವಳು ಓಸಾಕಾದಲ್ಲಿದ್ದ ಮಗಳಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡಿದ್ದಳು: "ಚಿಹಾ, ಈ ಸಲ ಒಂದು ಚುಕ್ಕೆ ಬೂಷ್ಟಿಲ್ಲ ಕಣೆ. ನಮ್ಮನೆಗೆ ಒಳ್ಳೆ ವರ್ಷ." ಆ ಕಡೆಯಿಂದ ಚಿಹಾರು, "ಹೌದಾಮ್ಮ, ಒಳ್ಳೇದಾಯ್ತು," ಎಂದಿದ್ದಳು. ಆಗ ಅವಳ ತೋಳಿನಲ್ಲಿ ಸೂಜಿ ಇತ್ತೋ ಏನೋ. ಪಕ್ಕದ ಕುರ್ಚಿಯಲ್ಲಿ ಇಕುಯೊ ಕೂತಿದ್ದಳೋ ಏನೋ. ಅದು ಯಾವ ವಾರ ಎಂದು ಹಿಸಾನೊ ಆಮೇಲೆ ಕ್ಯಾಲೆಂಡರು ತಿರುವಿ ನೋಡಿದ್ದಳು. ಸೋಮವಾರವೇ.

ಬೊನ್‌ಗೆ ಇನ್ನು ಒಂದೇ ವಾರ. ಸತ್ತವರು ಮನೆಗೆ ಬರುವ ಮೂರು ದಿನ. ಫೆಬ್ರವರಿಯಲ್ಲಿ ತೀರಿಹೋದ ಮಗಳಿಗೆ ಇದು ಮೊದಲನೆಯ ಬೊನ್. ದಾರಿ ಗೊತ್ತಾಗಲಿ ಎಂದು ಬಾಗಿಲಿಗೆ ಬಿಳಿ ಲಾಂದ್ರ ಕಟ್ಟಬೇಕು, ಊರಿನವರು ಬಂದು ಊದುಬತ್ತಿ ಹಚ್ಚುತ್ತಾರೆ, ಅವರ ಎದುರು ಮಂಡಿಯೂರಿ ತಲೆ ಬಗ್ಗಿಸಬೇಕು. ಆ ತಲೆ ಈಗ ನೋಡುವ ಹಾಗಿರಲಿಲ್ಲ. ಆರು ತಿಂಗಳಿಂದ ಕತ್ತರಿ ಕಾಣದೆ ಕೂದಲು ಕುತ್ತಿಗೆ ಇಳಿದಿತ್ತು, ಬುಡದಲ್ಲಿ ಬಿಳಿ, ತುದಿಯಲ್ಲಿ ಹಳೆಯ ಬಣ್ಣದ ಕಂದು. ಊರಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಒಂದೇ, ಇಕುಯೊಳದು. ನಲವತ್ತು ವರ್ಷ ಈ ತಲೆಯನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಹಿಸಾನೊ ಕೈ ತೊಳೆದಳು, ಉಗುರಿನ ಸಂದಿಯ ಕೆಂಪು ಹೋಗಲಿಲ್ಲ, ಹಾಗೇ ಹ್ಯಾಟು ಹಾಕಿಕೊಂಡು ಹತ್ತೂವರೆಯ ಬಸ್ಸಿಗೆ ಹೊರಟಳು. ಬಸ್ ನಿಲ್ದಾಣ ಇಕುಯೊಳ ಅಂಗಡಿಯ ಎದುರಿಗೇ. ಬೇರೆ ದಿನವಾದರೆ ಗಾಜಿನ ಆಚೆಯಿಂದ ಅವಳು ನೋಡುತ್ತಿದ್ದಳು. ಸೋಮವಾರ ಅಂಗಡಿಗೆ ರಜೆ, ಪರದೆ ಇಳಿದಿರುತ್ತದೆ. ಕಳ್ಳಿಯಂತೆ ಹೋಗುತ್ತಿದ್ದೇನೆ ಎಂದು ಅನ್ನಿಸಿ ಹಿಸಾನೊಗೆ ಮೈ ಉರಿಯಿತು. ಕದ್ದವಳು ಅವಳು, ಮುಖ ಮರೆಸಿಕೊಂಡು ಓಡಾಡುವವಳು ನಾನು.

ಬಸ್ಸಿನಲ್ಲಿ ಸಮುದ್ರದ ಕಡೆಯ ಸೀಟು ಸಿಕ್ಕಿತು. ಹೋದ ವರ್ಷ ಮೇ ತಿಂಗಳಿಂದ ಇಕುಯೊ ಇದೇ ಬಸ್ಸು ಹತ್ತುತ್ತಿದ್ದಳು, ವಾರ ಬಿಟ್ಟು ವಾರ, ಪ್ರತಿ ಎರಡನೆಯ ಸೋಮವಾರ. ಪೇಟೆಗೆ ಹೋಗಿ ಅಲ್ಲಿಂದ ಓಸಾಕಾದ ರೈಲು. ಕೂದಲು ಗುಂಗುರು ಮಾಡುವ ಹೊಸ ಥರದ ಪರ್ಮ್ ಕಲಿಸುವ ತರಗತಿ ಇದೆ, ಅರವತ್ತೆರಡಕ್ಕೆ ಕಲಿಯಬಾರದು ಅಂತ ಕಾನೂನಿದೆಯಾ ಎಂದಿದ್ದಳು. ಹಿಸಾನೊ ನಂಬಿದ್ದಳು. ನಂಬಿದ್ದು ಸಾಲದು ಎಂದು ತಮಾಷೆ ಬೇರೆ ಮಾಡಿದ್ದಳು. ಆ ತಮಾಷೆ ಈಗ ನೆನಪಾದರೆ ಬಸ್ಸಿನ ಸೀಟಿನಲ್ಲೇ ಕುಗ್ಗಿ ಹೋಗಬೇಕು ಅನ್ನಿಸುತ್ತದೆ. "ಪರ್ಮ್ ಕಲಿಯೋಕೆ ತುಟಿಗೆ ಬಣ್ಣ ಯಾಕೆ ಇಕು? ಗಂಡಸು ಯಾರು ಹೇಳು. ಹಲ್ಲಿದೆಯೋ ಇಲ್ವೋ ಅಷ್ಟಾದ್ರೂ ಹೇಳು." ಇಕುಯೊ ನಕ್ಕಿದ್ದಳು, ಅಲ್ಲವೆನ್ನಲಿಲ್ಲ. ಮದುವೆಯಿಲ್ಲದೆ ಬಾಳಿದವಳಿಗೆ ಕೊನೆಗಾಲಕ್ಕೆ ಒಬ್ಬ ಸಿಕ್ಕಿದ ಎಂದು ಹಿಸಾನೊಗೆ ನಿಜವಾಗಿ ಸಂತೋಷವಾಗಿತ್ತು. ಪ್ರತಿ ಸಲ ಒಂದು ಪುಟ್ಟ ಡಬ್ಬಿಯಲ್ಲಿ ಉಮೆ ಹಾಕಿ ಕೊಡುತ್ತಿದ್ದಳು, "ನಿನ್ನ ಸೋಮವಾರದ ಗಂಡನಿಗೆ" ಎಂದು. ಒಡೆದ ಉಮೆ. ಯಾವನೋ ಗಂಡಸಿಗೆ ಒಡೆದದ್ದು ಸಾಕು. ದುಂಡಗೆ ಉಳಿದ ಒಳ್ಳೆಯವನ್ನು ಆರಿಸಿ, ಗಾಜಿನ ಸೀಸೆಗೆ ತುಂಬಿ, ಮಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದಳು. ಮಗಳ ಕೋಣೆ ಖಾಲಿ ಮಾಡಲು ಹೋದಾಗ ಆ ಸೀಸೆಗಳು ಅಡಿಗೆ ಕಟ್ಟೆಯ ಕೆಳಗೆ ಸಾಲಾಗಿ ಕೂತಿದ್ದವು. ಒಂದರ ಮುಚ್ಚಳವನ್ನೂ ತೆರೆದಿರಲಿಲ್ಲ.

ಜನವರಿಯಲ್ಲಿ ಚಿಹಾರು ಕೊನೆಗೂ ಫೋನಿನಲ್ಲಿ ಕ್ಯಾನ್ಸರ್ ಎಂದು ಹೇಳಿದಾಗ ಉಳಿದಿದ್ದದ್ದು ಹದಿನಾರು ದಿನ. ಹಿಸಾನೊ ಮೊದಲು ಓಡಿದ್ದು ಇಕುಯೊಳ ಅಂಗಡಿಗೆ. "ನನ್ನ ಜೊತೆ ಬಾ, ಒಬ್ಬಳೇ ಹೋಗೋಕಾಗಲ್ಲ," ಎಂದು ಗಿರಾಕಿಗಳ ಎದುರೇ ಅತ್ತಿದ್ದಳು. ಇಕುಯೊ ಬಣ್ಣ ಹಚ್ಚುತ್ತಿದ್ದ ತಲೆಯನ್ನು ಅರ್ಧಕ್ಕೆ ಬಿಟ್ಟು ಕೈಚೀಲ ತೆಗೆದುಕೊಂಡಳು. ಆಸ್ಪತ್ರೆಯ ಆರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ಹಿಸಾನೊ ನಿಂತರೆ ಇಕುಯೊ ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ಹೋಗಿಬಿಟ್ಟಿದ್ದಳು. ಎದುರಿಗೆ ಬಂದ ನರ್ಸು ಮುಖ ಅರಳಿಸಿ, "ಅರೆ, ಸೋಮವಾರದ ಚಿಕ್ಕಮ್ಮ ಇವತ್ತು ಗುರುವಾರ ಬಂದ್ರಲ್ಲ," ಎಂದಳು. ಆಮೇಲೆ ಹಿಂದೆ ನಿಂತಿದ್ದವಳನ್ನು ನೋಡಿ ಮರ್ಯಾದೆಯಿಂದ ಕೇಳಿದಳು, "ನೀವೂ ಸಂಬಂಧಿಕರಾ?" ಹೆತ್ತವಳು ಎಂದು ಹೇಳಲು ಹಿಸಾನೊಗೆ ಬಾಯಿ ಬರಲಿಲ್ಲ. ಹೌದು, ಸಂಬಂಧಿಕಳು ಎಂದು ತಲೆಯಾಡಿಸಿದ್ದಳು.

ಆ ಹದಿನಾರು ದಿನ ಅವಳು ಏನೂ ಕೇಳಲಿಲ್ಲ. ಮಗಳೇ ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ಹೇಳಿದ್ದಳು: "ನಿಂಗೆ ಹೇಳಿದ್ರೆ ನಾನು ನಿನ್ನ ಸಮಾಧಾನ ಮಾಡ್ತಾ ಕೂರಬೇಕಾಗ್ತಿತ್ತಮ್ಮ. ನಂಗೆ ಶಕ್ತಿ ಇರಲಿಲ್ಲ." ಆ ಮಾತು ಸುಳ್ಳಲ್ಲ ಎಂದು ತೋರಿಸುವಂತೆ ಹಿಸಾನೊ ಆಗಲೇ ಅತ್ತಳು, ಮಗಳು ಕೈ ಚಾಚಿ ಅವಳ ಮಂಡಿ ತಟ್ಟಿದಳು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದು ಜನ ಚದುರಿದ ಮೇಲೆ, ಬಟ್ಟಲು ತೊಳೆಯುತ್ತಿದ್ದ ಇಕುಯೊಳ ಬೆನ್ನಿಗೆ ಹಿಸಾನೊ ಹೇಳಿದಳು: "ಇನ್ನು ಮೇಲೆ ಬರಬೇಡ." ಇಕುಯೊ ಕೈಯಲ್ಲಿದ್ದ ಬಟ್ಟಲನ್ನು ತೊಳೆದು, ಒರೆಸಿ, ಕವುಚಿಟ್ಟು ಹೋದಳು. ಯಾಕೆ ಎಂದು ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಕೇಳದೆ ಹೋದದ್ದು ಹಿಸಾನೊಗೆ ಇನ್ನೊಂದು ಮೋಸದ ಹಾಗೆ ಕಂಡಿತು, ಮಗಳ ಕೊನೆಯ ವರ್ಷವನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟುಹೋದ ಹಾಗೆ. ಅವಳು ಎಣಿಸಿದ್ದಳು. ಹತ್ತೊಂಬತ್ತು ಸೋಮವಾರ. ಆ ಹತ್ತೊಂಬತ್ತು ದಿನ ಚಿಹಾರು ಏನು ತಿಂದಳು, ಏನಂದಳು, ಹೆದರಿದಳೇ, ಎಲ್ಲ ಇಕುಯೊಳ ಹತ್ತಿರ ಇದೆ. ಬೇಕಾದರೆ ಅವಳ ಬಾಗಿಲಿಗೆ ಹೋಗಬೇಕು. ಬೇಕು, ಹೋಗುವುದಿಲ್ಲ. ಅವತ್ತಿನಿಂದ ಹಿಸಾನೊಳ ಬದುಕು ಇಷ್ಟೇ ಆಗಿತ್ತು.

ಪೇಟೆಯಲ್ಲಿ ಸೋಮವಾರವೂ ತೆರೆದಿದ್ದದ್ದು ರೈಲು ನಿಲ್ದಾಣದ ಎದುರಿನ ಹೊಸ ಅಂಗಡಿ ಒಂದೇ. ಜೋರಾಗಿ ಹಾಡು ಹಾಕಿದ್ದರು. ಇಪ್ಪತ್ತರ ಹುಡುಗಿಯೊಬ್ಬಳು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಬಿಗಿದು, ಕನ್ನಡಿಯಲ್ಲಿ ನೋಡುತ್ತಾ ಮಾತಿಗೆ ಶುರುಮಾಡಿದಳು. "ಬೊನ್‌ಗೆ ಮಕ್ಕಳು ಬರ್ತಾರಾ ಅಮ್ಮ?" "ಬರ್ತಾಳೆ," ಎಂದಳು ಹಿಸಾನೊ. ಸುಳ್ಳಲ್ಲವಲ್ಲ. "ದೂರ ಇದ್ದಾರಾ?" "ದೂರ." "ಹಾಗಾದ್ರೆ ಚೆನ್ನಾಗಿ ಕಾಣಬೇಕು. ನೋಡಿ ಖುಷಿಯಾಗ್ಲಿ ಅವರಿಗೆ." ಹುಡುಗಿ ತಲೆಗೆ ನೀರು ಹಾಕಿ, ಸೋಪಿನ ನೊರೆ ಎಬ್ಬಿಸಿ, ಅರ್ಧದಲ್ಲಿ ಕುತ್ತಿಗೆಯ ಬಳಿ ಬೆರಳು ನಿಲ್ಲಿಸಿದಳು. "ಓ, ಇಲ್ಲೊಂದು ಸುಳಿ ಇದೆ ನಿಮಗೆ. ಎಡಕ್ಕೆ ತಿರುಗಿದೆ. ಇದನ್ನ ಬಗ್ಗಿಸೋದು ಭಾರಿ ಕಷ್ಟ. ಇಷ್ಟು ದಿನ ಯಾರು ಕತ್ತರಿಸ್ತಿದ್ರು? ಅವರಿಗೆ ಈ ಸುಳಿ ಚೆನ್ನಾಗಿ ಗೊತ್ತು ನೋಡಿ. ಅದು ಹೋದ ಕಡೆಗೇ ಕತ್ತರಿ ಬಿಟ್ಟಿದ್ದಾರೆ."

ಸುಳಿ. ಚಿಹಾರುಗೂ ಅಲ್ಲೇ ಇತ್ತು. ಮೂರು ವರ್ಷದ ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೊದಲ ಸಲ ಕತ್ತರಿ ಹಾಕಿದ ದಿನ ಇಕುಯೊ ಕೂಗಿ ಕರೆದು ತೋರಿಸಿದ್ದಳು: "ಬಾ ಇಲ್ಲಿ, ನಿನ್ನ ಸುಳಿ ಇವಳಿಗೆ ಬಂದಿದೆ. ಎಡಕ್ಕೇ. ಮುದ್ರೆ ಒತ್ತಿದ ಹಾಗಿದೆ." ಕನ್ನಡಿಯ ಎದುರಿಗಿದ್ದ ಹಿಸಾನೊ ಈಗ ನೋಡಿದ್ದು ಹೋದ ವರ್ಷದ ಬೊನ್‌ನ ಮಧ್ಯಾಹ್ನವನ್ನು. ಚಿಹಾರು ಅಪ್ಪನ ಪಟದ ಎದುರು ತಲೆ ಬಗ್ಗಿಸಿದ್ದಳು. ಹಿಂದೆ ಬೀಸಣಿಗೆ ಬೀಸುತ್ತಾ ಹಿಸಾನೊ. ಪಕ್ಕದಲ್ಲಿ ಕಲ್ಲಂಗಡಿ ಹೆಚ್ಚುತ್ತಾ ಇಕುಯೊ. ಮಗಳ ಕೂದಲು ಕುತ್ತಿಗೆಯ ಮೇಲೆ ನೀರಿಳಿದ ಹಾಗೆ ನೇರವಾಗಿ ಇಳಿದಿತ್ತು, ಒಂದು ಎಳೆಯೂ ಎಡಕ್ಕೆ ತಿರುಗಿರಲಿಲ್ಲ. ಅವಳು ನೋಡಿದ್ದಳು. ಇವೇ ಕಣ್ಣಿಂದ ನೋಡಿದ್ದಳು. ನೋಡಿ ಅಂದದ್ದೇನು: "ಅಯ್ಯೋ, ಆ ಹಾಳು ಸುಳಿ ಕೊನೆಗೂ ಹೋಯ್ತಲ್ಲೇ. ಎಷ್ಟು ಚೆನ್ನಾಗಿದೆ ಕೂದಲು. ನಿನ್ನ ಕೈಗುಣವೇ ಇಕು." ಇಕುಯೊ ಚಾಕು ಕೆಳಗಿಟ್ಟು, "ಹೂಂ," ಎಂದಿದ್ದಳು. ಚಿಹಾರು ತಿರುಗಿ ನೋಡದೆ ಊದುಬತ್ತಿ ಸರಿಮಾಡಿದ್ದಳು. ಆ ಕೂದಲು ವಿಗ್ ಎಂದು, ಅದನ್ನು ತಲೆಗೆ ಕೂರಿಸಿ ಕತ್ತರಿಸಿದವಳು ಇಕುಯೊ ಎಂದು ಹಿಸಾನೊಗೆ ಜನವರಿಯಲ್ಲೇ ತಿಳಿದಿತ್ತು. ಆದರೆ ಸುಳಿಯ ಮಾತು ಈ ಆರು ತಿಂಗಳಲ್ಲಿ ಒಮ್ಮೆಯೂ ಎದ್ದಿರಲಿಲ್ಲ. ಎದ್ದಿರಲಿಲ್ಲವೋ, ತಾನೇ ಅದರ ಮೇಲೆ ಕೂತಿದ್ದಳೋ. ಅವರಿಬ್ಬರೂ ಬಚ್ಚಿಟ್ಟರು, ನಿಜ. ಬಚ್ಚಿಟ್ಟದ್ದು ಕಣ್ಣೆದುರಿಗಿತ್ತು, ತಾನು ಅದನ್ನು ಹೊಗಳಿದ್ದಳು.

"ಅಮ್ಮ, ಏನಾಯ್ತು? ನೀರು ಬಿಸಿಯಾಯ್ತಾ?" ಎಂದಳು ಹುಡುಗಿ. ಹಿಸಾನೊ ಆಗಲೇ ಎದ್ದು ಕೊರಳ ಬಟ್ಟೆ ಬಿಚ್ಚುತ್ತಿದ್ದಳು. ಸೋಪಿನ ನೀರು ಬೆನ್ನಿಗಿಳಿಯುತ್ತಿತ್ತು. ಹುಡುಗಿ ಟವೆಲು ಹಿಡಿದು ಬೀದಿಯವರೆಗೆ ಬಂದು, "ಇದನ್ನಾದ್ರೂ ತಗೊಂಡ್ಹೋಗಿ," ಎಂದು ತಲೆಗೆ ಸುತ್ತಿ ಕಳಿಸಿದಳು, ಒಳ್ಳೆಯ ಹುಡುಗಿ. ಬಸ್ಸಿನಲ್ಲಿ ಇಬ್ಬರು ಶಾಲೆಯ ಮಕ್ಕಳು ಅವಳನ್ನು ನೋಡಿ ಮೊಣಕೈಯಲ್ಲಿ ತಿವಿದುಕೊಂಡರು. ಹನಿ ಕಣ್ಣಿಗಿಳಿದು ಉರಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಗುಡ್ಡದ ಮೇಲೆ ಮೋಡ ಕಪ್ಪಾಗಿ ಏರುತ್ತಿತ್ತು. ಊರಿನ ನಿಲ್ದಾಣದಲ್ಲಿ ಇಳಿದು, ಮನೆಯ ಕಡೆಗೆ ತಿರುಗಬೇಕಾದವಳು ರಸ್ತೆ ದಾಟಿ ಪರದೆ ಇಳಿದ ಬಾಗಿಲನ್ನು ತಟ್ಟಿದಳು.

ಇಕುಯೊ ಬಾಗಿಲು ತೆರೆದಳು. ತೋಳು ಮಡಚಿದ್ದಳು, ಹಿಂದೆ ವಾರದ ಟವೆಲುಗಳು ಒಣಗುತ್ತಿದ್ದವು. ಅವಳೂ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು, ತಲೆ ಪೂರ್ತಿ ನೆರೆತಿತ್ತು. ಅವಳ ಕಣ್ಣು ಮೊದಲು ಹೋದದ್ದು ಹಿಸಾನೊಳ ಮುಖಕ್ಕಲ್ಲ, ಟವೆಲಿನ ಕೆಳಗಿನ ಕೂದಲಿಗೆ.

"ಯಾರು ತೊಳೆದಿದ್ದು? ಸೋಪು ಹಾಗೇ ಇದೆ."

"ಪೇಟೇಲಿ."

"ತುರಿಕೆ ಆಗುತ್ತೆ. ಬಾ, ಕೂತ್ಕೋ."

ಬೈಯಲು ಬಂದವಳು ಕೂತಳು, ಕಣ್ಣು ನಿಜಕ್ಕೂ ಉರಿಯುತ್ತಿತ್ತು. ಇಕುಯೊ ಕುರ್ಚಿಯನ್ನು ಹಿಂದಕ್ಕೆ ಒರಗಿಸಿ, ತೊಟ್ಟಿಯ ಅಂಚಿಗೆ ಅವಳ ಕುತ್ತಿಗೆ ಇಟ್ಟು, ಮುಖದ ಮೇಲೆ ತೆಳು ಬಟ್ಟೆ ಹಾಸಿದಳು. ನೀರಿನ ಬಿಸಿ ಸರಿಯಾಗಿತ್ತು. ಅದು ಸರಿಯಾಗಿದ್ದದ್ದಕ್ಕೂ ಹಿಸಾನೊಗೆ ಸಿಟ್ಟು ಬಂತು. ಬಟ್ಟೆಯ ಕೆಳಗಿನಿಂದ ಅವಳು ಹೇಳಿದಳು:

"ಆ ವಿಗ್‌ಗೆ ಸುಳಿ ಇರಲಿಲ್ಲ."

ತಲೆಯ ಮೇಲಿನ ಕೈಗಳು ನಿಂತವು. ನೀರು ಮಾತ್ರ ಬೀಳುತ್ತಿತ್ತು.

"ಯಾವಾಗ ಗೊತ್ತಾಯ್ತು?"

"ಇವತ್ತು."

ಇಕುಯೊ ನೀರು ನಿಲ್ಲಿಸಿದಳು. "ಅವಳೇ ಕೇಳಿದ್ಲು. ಚಿಕ್ಕಮ್ಮ, ಸುಳಿ ಹಾಕು, ಇಲ್ಲದಿದ್ರೆ ಅಮ್ಮ ಹಿಡಿದುಬಿಡ್ತಾಳೆ ಅಂತ. ವಿಗ್‌ಗೆ ಸುಳಿ ಬರಲ್ಲ ಕಣೆ ಅಂದೆ."

"ಬರಲ್ವಾ?"

"ಬರುತ್ತೆ. ಅರ್ಧ ಗಂಟೆ ಕೆಲಸ." ಇಕುಯೊ ಮುಂದುವರಿಸಿದಳು. "ಬಾಯಿ ಬಿಡಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಕತ್ತರಿ ಬಗ್ಗೆ ಕೊಟ್ಟಿರಲಿಲ್ಲ. ನೀನು ನೋಡ್ತೀಯ, ನೋಡಿ ಕೇಳ್ತೀಯ, ಆಗ ನನ್ನ ತಪ್ಪಿರಲ್ಲ ಅಂದ್ಕೊಂಡೆ. ನೀನು ನೋಡ್ದೆ ಕೂಡ. ಚೆನ್ನಾಗಿದೆ ಅಂದೆ."

"ನನ್ನನ್ನ ಪರೀಕ್ಷೆಗೆ ಕೂರಿಸ್ದೆ." ಹಿಸಾನೊಳ ಧ್ವನಿ ಬಟ್ಟೆಯನ್ನು ಅಲುಗಿಸಿತು. "ಮಗಳನ್ನ ನನ್ನ ಮುಂದಿಟ್ಟು, ನಾನು ಫೇಲಾಗೋದನ್ನ ನೀನು ಕಲ್ಲಂಗಡಿ ಹೆಚ್ಚುತ್ತಾ ನೋಡ್ತಾ ಕೂತಿದ್ದೆ. ಫೇಲಾದ ಮೇಲಾದ್ರೂ ಬಾಯಿ ಬಿಡಬಹುದಿತ್ತು. ಆಗಸ್ಟ್ ಅದು. ಇನ್ನೂ ಆರು ತಿಂಗಳಿತ್ತು ಇಕು. ಆರು ತಿಂಗಳು."

"ಇತ್ತು."

"ಯಾಕೆ ಹೇಳಲಿಲ್ಲ? ಮಾತು ಕೊಟ್ಟಿದ್ದೆ ಅನ್ನಬೇಡ. ಅದು ನಂಗೆ ಬೇಡ."

ಇಕುಯೊ ಕೈ ಒರೆಸಿಕೊಂಡಳು. ಟವೆಲೊಂದರಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ನಂಗೆ ಆ ಸೋಮವಾರ ಬೇಕಾಗಿತ್ತು ಹಿಸಾ," ಎಂದಳು. "ಹೇಳಿದ್ರೆ ನೀನು ಹೋಗ್ತಿದ್ದೆ. ಹೋಗಬೇಕಾದ್ದೇ. ಆಗ ನಾನು ಯಾರು? ಆಸ್ಪತ್ರೆ ಕಿಟಕೀಲಿ ಕೂತು ಅವಳು ದಾರಿ ಕಾಯ್ತಿದ್ಲು. ಈ ಜನ್ಮದಲ್ಲಿ ಬೇರೆ ಯಾರೂ ನನ್ನ ದಾರಿ ಕಾದಿರಲಿಲ್ಲ. ಬಾಯಿಗೆ ಏನೂ ಸೇರದೆ ಹೋದಾಗ ನಿನ್ನ ಒಡೆದ ಉಮೆ ಒಂದು ಸೇರ್ತಿತ್ತು. ಅದನ್ನ ಚೀಪುತ್ತಾ, ಅಮ್ಮ ಇದನ್ನ ನಿನ್ನ ಗಂಡಂಗೆ ಕೊಟ್ಟಿದ್ದಲ್ವಾ, ಪಾಪ ಆ ಗಂಡಸು, ಅಂತಿದ್ಲು. ನಂಗೆ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ."

ಹಿಸಾನೊ ಅಲುಗಾಡದೆ ಮಲಗಿದ್ದಳು. ಎದೆಯಲ್ಲಿ ಎದ್ದದ್ದು ಸಿಟ್ಟೇ, ಹೊಸದಾಗಿ ಎದ್ದ, ಇನ್ನೂ ದೊಡ್ಡ ಸಿಟ್ಟು; ಆದರೆ ಈ ಆರು ತಿಂಗಳಲ್ಲಿ ಮೊದಲ ಸಲ ಅದರ ಕಾಲಡಿಗೆ ನೆಲ ಸಿಕ್ಕಿತ್ತು. ಮಗಳ ಒಳ್ಳೆಯದಕ್ಕೆ, ನಿನ್ನ ಒಳ್ಳೆಯದಕ್ಕೆ ಎಂದು ಇವಳು ಅಂದಿದ್ದರೆ ಎದ್ದು ಹೋಗುತ್ತಿದ್ದಳು. ಬೇಕಾಗಿತ್ತು, ತೆಗೆದುಕೊಂಡೆ ಎನ್ನುತ್ತಿದ್ದಾಳೆ. ಕದ್ದವಳು ಕದ್ದೆ ಎಂದರೆ ಕದ್ದ ಮಾಲು ಎಲ್ಲಿದೆ ಎಂದು ಕೇಳಬಹುದು.

"ಕ್ಷಮಿಸು ಅಂತ ಕೇಳೋಕೆ ನಂಗೆ ಮುಖ ಇಲ್ಲ," ಎಂದಳು ಇಕುಯೊ.

"ಕೇಳಬೇಡ. ಕೇಳಿದ್ರೂ ಕೊಡಲ್ಲ."

ಗುಡ್ಡದ ಕಡೆಯಿಂದ ಗುಡುಗು ಉರುಳಿ ಬಂತು. ಕಿಟಕಿಯ ಬೆಳಕು ಇಳಿಯಿತು. ಇಕುಯೊ ಗಾಜಿನ ಆಚೆ ನೋಡಿರಬೇಕು, ಧ್ವನಿ ಒಮ್ಮೆಗೇ ಹಳೆಯ ದಿನಗಳ ಗಡಿಬಿಡಿಗೆ ತಿರುಗಿತು.

"ಹಿಸಾ, ಉಮೆ ಹೊರಗಿದೆಯಾ?"

"ಇದೆ."

"ಎಷ್ಟನೇ ದಿನ?"

"ಮೂರನೇದು."

"ಏಳು ಮತ್ತೆ. ಇಬ್ಬರೂ ಓಡಿದ್ರೆ ಸಿಗುತ್ತೆ. ಈಗ ನೆಂದ್ರೆ ಪೂರ್ತಿ ಬೂಷ್ಟು ಹಿಡಿಯುತ್ತೆ."

ಹಿಸಾನೊ ಏಳಲು ಕೈ ಊರಿದಳು. ಮೂವತ್ತೈದು ವರ್ಷದ ಅಭ್ಯಾಸ ಅವಳಿಗಿಂತ ಮೊದಲು ಎದ್ದಿತ್ತು. ಬಟ್ಟೆ ಮುಖದಿಂದ ಅರ್ಧ ಜಾರಿ ಒಂದು ಕಣ್ಣಿಗೆ ಅಂಗಡಿಯ ಮಾಡು ಕಂಡಿತು. ಅಂಗಳದ ತಟ್ಟಿಗಳು, ಬೆಳಿಗ್ಗೆ ಒಂದೊಂದಾಗಿ ಮಗುಚಿದ ಕೆಂಪು ಹಣ್ಣುಗಳು, ಅವುಗಳ ಮೇಲೆ ಬೀಳಲಿರುವ ದಪ್ಪ ಹನಿಗಳು ಮನಸ್ಸಿನಲ್ಲಿ ಕಂಡವು. ಜಾಡಿಯಲ್ಲಿ ಬೂಷ್ಟು ಬಂದರೆ ಆ ಮನೆಯಲ್ಲಿ ಸಾವು. ಹೋದ ವರ್ಷ ಕನ್ನಡಿಯ ಹಾಗಿದ್ದ ಜಾಡಿ ಎಷ್ಟು ಚೆನ್ನಾಗಿ ಕಾಪಾಡಿತ್ತು. ಆ ಮನೆಯಲ್ಲಿ ಸಾಯಲು ಉಳಿದಿರುವವಳು ಇನ್ನು ತಾನೊಬ್ಬಳೇ. ಊರಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟಳು.

"ನೆನೀಲಿ ಬಿಡು."

"ಹಿಸಾ."

"ನೆನೀಲಿ ಅಂದೆನಲ್ಲ." ಅವಳು ಬಟ್ಟೆಯನ್ನು ಮತ್ತೆ ಕಣ್ಣಿನ ಮೇಲೆ ಎಳೆದುಕೊಂಡಳು. "ಹತ್ತೊಂಬತ್ತು ಇವೆ. ಒಂದೂ ಬಿಡಬಾರದು. ಚೆನ್ನಾಗಿ ಕಾಣ್ಲಿ ಅಂತ ಏನೂ ಸೇರಿಸಬಾರದು. ಮೊದಲನೇ ಸೋಮವಾರದಿಂದ ಹೇಳು."

ಮಳೆ ತಗಡಿನ ಮೇಲೆ ಬಿತ್ತು, ಮೊದಲು ನಾಲ್ಕು ಹನಿ, ಆಮೇಲೆ ಒಟ್ಟಿಗೆ. ಇಕುಯೊ ನೀರಿನ ನಲ್ಲಿ ತಿರುಗಿಸಿದಳು, ಅಂಗೈಯಲ್ಲಿ ಬಿಸಿ ನೋಡಿದಳು, ಸುಳಿಯಿದ್ದ ಕಡೆಯಿಂದ ಸೋಪು ತೊಳೆಯಲು ತೊಡಗಿದಳು.

"ಅವತ್ತು ರೈಲು ಹನ್ನೆರಡು ನಿಮಿಷ ತಡ," ಎಂದಳು. "ಅವಳು ನಿಲ್ದಾಣಕ್ಕೇ ಬಂದು ನಿಂತಿದ್ಲು. ಹಳದಿ ಅಂಗಿ. ನನ್ನ ನೋಡಿದ ತಕ್ಷಣ ಕೇಳಿದ್ದು, ಅಮ್ಮಂಗೆ ಏನು ಸುಳ್ಳು ಹೇಳಿ ಬಂದೆ ಚಿಕ್ಕಮ್ಮ, ಅಂತ. ಪರ್ಮ್ ಕ್ಲಾಸು ಅಂದೆ ಅಂತ ಹೇಳ್ದೆ. ನಕ್ಕಳು."

"ನಕ್ಕಳಾ?"

"ತುಂಬಾ ನಕ್ಕಳು. ಅಮ್ಮ ನಂಬಿದ್ಲಾ ಅಂದ್ಲು. ನಂಬಿದ್ಲು ಅಂದೆ. ಆಮೇಲೆ ನಗೋದು ನಿಲ್ಸಿ ಸ್ವಲ್ಪ ಹೊತ್ತು ಹಳಿ ನೋಡ್ತಾ ನಿಂತ್ಲು."

ಹಿಸಾನೊ ಬಟ್ಟೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಹೊರಗೆ ಮಳೆ ಜೋರಾಯಿತು.

"ಆಮೇಲೆ?" ಎಂದಳು.